ನೀಲವ್ವನ ಪಾಲಿನ ಜೀಪು

ಗ್ಯಾರೇಜಿನ ಕೆಲಸ ಕಲಿಯಬೇಕೆನ್ನುವವರು ಈಗಲೂ ಆಗಾಗ ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. ಹುಡುಗರಷ್ಟೇ ಅಲ್ಲ, ಹುಡುಗಿಯರೂ. ಮೊನ್ನೆ ಮಮದಾಪುರದಿಂದ ಒಬ್ಬಳು ಬಂದಿದ್ದಳು. ಡಿಪ್ಲೊಮಾ ಮುಗಿಸಿದ್ದಾಳೆ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಯಾರೋ ಹಳೆಯ ಜೀಪಿನ ಎಂಜಿನ್ ಬಿಚ್ಚುವ ವಿಡಿಯೋ.

"ಆಂಟಿ, ಇಂಥಾದ್ದೊಂದ ಎಂಜಿನ್ ಬಿಚ್ಚಿ ಮತ್ತ ಕಟ್ಟಾಕ ಎಷ್ಟ ದಿನಾ ಬೇಕ್ರಿ?"

"ಓನರ್ ಎಂಥಾವ್ರು ಅನ್ನೂದ್ರ ಮ್ಯಾಲೆ ಐತವ್ವಾ" ಎಂದೆ.

ಅವಳು ನಕ್ಕಳು. ನಾನೇನೂ ಜೋಕ್ ಮಾಡಿರಲಿಲ್ಲ. ಅಂದು ಕಟ್ಟೆಯ ಮೇಲೆ ಅವಳಿಗೆ ಪೂರ್ತಿ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗಾವಿಯ ಕಾನ್ವೆಂಟಿನಲ್ಲಿ ನನಗೆ ಎಂಬ್ರಾಯ್ಡರಿ ಕಲಿಸಿದರು, ಪಿಯಾನೋದ ಮೇಲೆ ಎರಡು ಪ್ರಾರ್ಥನಾಗೀತೆ ಕಲಿಸಿದರು, ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದರು. ಗ್ರೀಸ್ ಎಂಬ ಪದದ ಸ್ಪೆಲಿಂಗ್ ಬಿಟ್ಟರೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ಮದುವೆಯಾಗಿ ಗೋಕಾಕಕ್ಕೆ ಬಂದರೆ ಮನೆಯ ಮುಂದೆಯೇ ಮಾವನವರ ಗ್ಯಾರೇಜು. ನನ್ನ ಯಜಮಾನರು ಹೈಸ್ಕೂಲ್ ಮಾಸ್ತರರು. ಪೆಟ್ರೋಲಿನ ವಾಸನೆಗೆ ಅವರಿಗೆ ತಲೆನೋವು ಬರುತ್ತಿತ್ತು. ಮಾವನವರಿಗೆ ಅದರ ದುಃಖ ಬಹಳ ಇತ್ತು. ಅವರ ಹತ್ತಿರ ಜೀಪಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಒಂದಿತ್ತು, ಪೂರ್ತಿ ಇಂಗ್ಲಿಷ್. ಚಿತ್ರಗಳನ್ನು ನೋಡಿ ನೋಡಿ ಅದರ ಮೂಲೆಗಳು ಸವೆದಿದ್ದವು. ಒಂದು ದಿನ ಅದನ್ನು ನನ್ನ ಮುಂದೆ ಹಿಡಿದರು.

"ಏ ಸೊಸಿ, ನಿನ್ನ ಇಂಗ್ಲೀಷ ಬರೇ ಪಾದ್ರಿಗೋಳ ಜೋಡಿ ಮಾತಾಡಾಕಷ್ಟ ಐತೇನು? ಇದನ್ನ ಓದವಾ."

ತಲೆಯ ಮೇಲೆ ಸೆರಗು ಹೊದ್ದು ಹೊಸ್ತಿಲ ಒಳಗೆ ನಿಂತು ನಾನು ಗಟ್ಟಿಯಾಗಿ ಓದುತ್ತಿದ್ದೆ. ಹೊರಗೆ ಅವರು ಎಂಜಿನ್ನಿಗೆ ಮುಖ ಕೊಟ್ಟು ಕೇಳುತ್ತಿದ್ದರು. ನಟ್ಟನ್ನು ಇಷ್ಟೇ ಬಲದಿಂದ ಬಿಗಿಯಬೇಕು ಎಂದು ಪುಸ್ತಕ ಹೇಳಿದರೆ, "ಬಲಾ ಹೆಂಗ ತೂಗೂದವಾ? ನನ್ನ ಮುಂಗೈ ನೋಯೂತನಾ ಅಂತ ಬರಕೋ" ಎನ್ನುತ್ತಿದ್ದರು. ಕೆಲ ತಿಂಗಳಲ್ಲಿ ನಾನು ಹೊಸ್ತಿಲು ದಾಟಿದೆ. ಅತ್ತೆಯವರು ಗಲಾಟೆ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಅಂದದ್ದು ಇಷ್ಟೇ: "ಸೀರಿ ಕೆಟ್ರ ಕೆಡ್ಲಿ. ಬಳಿ ತಗದ ಇಡು, ಬೆಲ್ಟಿನ್ಯಾಗ ಸಿಕ್ಕೀತು."

ಟಾರ್ಕ್ ರೆಂಚ್ ಎಂಬ, ನಟ್ಟು ಬಿಗಿಯುವ ಬಲವನ್ನು ಅಂಕಿಯಲ್ಲಿ ತೋರಿಸುವ ಪಾನಾ ನಮ್ಮ ಗ್ಯಾರೇಜಿಗೆ ಬಂದದ್ದು ನನ್ನ ಹಟದಿಂದ. ಮಾವನವರು ಮೊದಲು ಕೈಯಲ್ಲಿ ಬಿಗಿದು, ಆಮೇಲೆ ನಾನು ರೆಂಚ್ ಹಾಕಿದಾಗ ಅಂಕಿ ಸರಿ ಬಂದರೆ ಮೀಸೆ ತಿರುವುತ್ತಿದ್ದರು. ಸರಿ ಬಾರದಿದ್ದರೆ ರೆಂಚ್ ಕೆಟ್ಟಿದೆ. ಡಿಯರ್ ಓಲ್ಡ್ ಮ್ಯಾನ್. ಆದರೆ ಒಂದು ವಿಷಯದಲ್ಲಿ ಅವರು ಯಾರ ಮಾತೂ ಕೇಳುತ್ತಿರಲಿಲ್ಲ. ಬಿಚ್ಚಿದ ಸಾಮಾನನ್ನು ಬಿಚ್ಚಿದ ಅನುಕ್ರಮದಲ್ಲೇ ಹಲಗೆಯ ಮೇಲೆ ಇಡಬೇಕು. ಹಲಗೆ ದಾಟುವಂತಿಲ್ಲ, ಅದರ ಮೇಲೆ ಚಹಾದ ಕಪ್ಪು ಇಡುವಂತಿಲ್ಲ.

ಅವರು ತೀರಿಕೊಂಡ ಮೇಲೆ ಗ್ಯಾರೇಜನ್ನು ನಾನೇ ನಡೆಸಿದೆ. ಆಗ ಎಲ್ಲರಿಗೂ ಒಂದೇ ಹುಚ್ಚು: ಜೀಪಿನ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸುವುದು. ನಾವೂ ಬೇಕಾದಷ್ಟು ಕೂರಿಸಿದೆವು, ನಾಚಿಕೆಯೇನಿಲ್ಲ, ಹೊಟ್ಟೆ ತುಂಬಿಸಿದ ಕೆಲಸ ಅದು. ಆದರೆ ಡೀಸೆಲ್ ಎಂಜಿನ್ ಭಾರ. ಮುಂದಿನ ಸ್ಪ್ರಿಂಗ್ ಬದಲಾಯಿಸದೆ ಕೂರಿಸಿದರೆ ಜೀಪು ಎದುರು ಬಂದವರಿಗೆಲ್ಲ ತಲೆ ಬಾಗಿಸಿದ ಹಾಗೆ ನಿಲ್ಲುತ್ತದೆ. ಅದುರುವುದಂತೂ ಕೇಳಬೇಡಿ. ಹುಕ್ಕೇರಿ ಕಡೆಯ ಒಬ್ಬರು ಅಂಥ ಜೀಪಿನಲ್ಲಿ ಹಾಲು ಸಾಗಿಸುತ್ತಿದ್ದರು. "ಅವರ ಹಾಲ ಡೇರಿ ಮುಟ್ಟೂದ್ರಾಗ ಬೆಣ್ಣಿ ಬರತೈತ್ರಿ, ವೈನಿ" ಎಂದು ಬಾಳಪ್ಪ ಆಡಿಕೊಳ್ಳುತ್ತಿದ್ದ. ಬಾಳಪ್ಪ ನಮ್ಮ ಹೆಡ್ ಫಿಟರ್. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಗ್ಯಾರೇಜು ಮುಚ್ಚಬೇಕೆಂದು ಮನಸ್ಸು ಮಾಡುತ್ತಿದ್ದ ವರ್ಷ ಹುಕ್ಕೇರಿಯಿಂದ ಈರಪ್ಪ ಎಂಬವರು ಬಂದರು. ಗೊಬ್ಬರದ ಅಂಗಡಿಯ ಮಾಲೀಕರು. ಶರಣು ಹೇಳಿ, ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: "ಬಾಯಾರ, ನನ್ನ ಹತ್ರ ಅಪ್ಪನ ಕಾಲದ ಜೀಪ ಐತಿ. ಅದರಾಗ ಎಂಜಿನ್ ಇಲ್ಲ."

"ಎಲ್ಲಿ ಹೋತ್ರಿ?"

"ತಮ್ಮನ ಪಾಲಿಗಿ."

ಅವರ ತಂದೆ ಹೋದ ಮೇಲೆ ಅಣ್ಣ ತಮ್ಮ ಬೇರೆಯಾದರಂತೆ. ಹೊಲ, ಮನೆ, ಎತ್ತು ಎಲ್ಲ ಬಾಯಿಮಾತಿನಲ್ಲಿ ಪಾಲಾಯಿತು. ಜೀಪು ಮಾತ್ರ ತನಗೇ ಬೇಕು ಎಂದು ಇಬ್ಬರೂ ಹಟ ಹಿಡಿದರು. ಕೂತ ಹಿರಿಯರಲ್ಲಿ ಒಬ್ಬರು ಬೇಸತ್ತು, "ಹಂಗಾರ ಅದನ್ನೂ ಎರಡ ಮಾಡ್ರಿ" ಎಂದರು. ಮಾಡಿಯೇಬಿಟ್ಟರು. ಅಣ್ಣನಿಗೆ ಬಾಡಿ, ತಮ್ಮನಿಗೆ ಎಂಜಿನ್. ಬಾಡಿ ಹುಕ್ಕೇರಿಯ ಹಿತ್ತಲಲ್ಲಿ ಕೋಳಿಗಳಿಗೆ ಮನೆಯಾಯಿತು. ತಮ್ಮ ರಾಚಪ್ಪ ಇಬ್ಬರ ಪಾಲಿನ ಹೊಲವೂ ಇರುವ, ಮೂಡಲಗಿ ಕಡೆಯ ನಾಗನೂರಿನಲ್ಲಿ ಒಕ್ಕಲುತನ ಮಾಡುತ್ತಾನೆ. ಅವನು ಎಂಜಿನ್ನನ್ನು ಕಬ್ಬಿನ ಗಾಣಕ್ಕೆ ಕಟ್ಟಿ ಸೀಮೆಎಣ್ಣೆ ಹಾಕಿ ಓಡಿಸಿದ. ಅಂದಿನಿಂದ ಅಣ್ಣ ತಮ್ಮನಿಗೆ ಮಾತಿಲ್ಲ.

ಈಗ ಹೊಲದ ಪಾಲನ್ನು ಕಾಯಂ ಆಗಿ ನೋಂದಣಿ ಮಾಡಿಸಬೇಕು. ಅದಕ್ಕೆ ತಂಗಿಯ ಸಹಿ ಬೇಕು, ಹೆಣ್ಣುಮಕ್ಕಳಿಗೂ ಹಕ್ಕಿದೆಯಲ್ಲ. ಅಂಕಲಗಿಗೆ ಕೊಟ್ಟ ನೀಲವ್ವ ಈರಪ್ಪನವರಿಗೆ ತಂಗಿ, ರಾಚಪ್ಪನಿಗೆ ಅಕ್ಕ. ಆಕೆಯ ಮನೆಗೆ ಇಬ್ಬರೂ ಬೇರೆ ಬೇರೆ ದಿನ ಸೀರೆ, ಕುಪ್ಪಸ ಹಿಡಿದು ಹೋದರು. ಆಕೆ ಹೇಳಿದ್ದು ಒಂದೇ ಮಾತು: "ಹೊಲದಾಗ ನನಗ ಏನೂ ಬ್ಯಾಡ. ಅಪ್ಪನ ಜೀಪ ಬೇಕು. ಅದರದ ಎಂಜಿನ್ ಹಾಕಿ, ಓಡೂವಂಗ ಮಾಡಿ ಕೊಡ್ರಿ. ಆಮ್ಯಾಗ ಸಹಿ."

ಈರಪ್ಪ ನನ್ನ ಕಡೆ ಬಾಗಿದರು. "ತಮ್ಮನ ಮುಂದ ನಾ ಹೋಗಿ ಕೈ ಚಾಚಂಗಿಲ್ರಿ. ನೀವು ಯಾವುದರ ಒಂದ ಡೀಸೆಲ್ ಎಂಜಿನ್ ಕುಂದರಸ್ರಿ. ಬಾನೆಟ್ ಯಾರ ಎತ್ತಿ ನೋಡತಾರು?"

"ನಿಮ್ಮ ತಂಗೀಗೆ ಕಿವಿ ಇಲ್ಲೇನ್ರಿ? ಓಣಿ ತುದ್ಯಾಗ ಬಂದ ಕೂಡ್ಲೆ ಗೊತ್ತಾಗತೈತಿ."

"ಹೆಣ್ಣಮಗಳಿಗಿ ಎಂಜಿನ್ ಸದ್ದ ಏನ ತಿಳಿತೈತ್ರಿ" ಎಂದವರು ನನ್ನ ಕೈಯಲ್ಲಿದ್ದ ಪಾನಾ ನೋಡಿ ಖಾಲಿ ಲೋಟವನ್ನೇ ಮತ್ತೆ ಬಾಯಿಗೆ ಎತ್ತಿದರು.

ಎರಡು ದಿನದ ಮೇಲೆ ನೀಲವ್ವನೇ ಬಸ್ಸಿಳಿದು ಬಂದಳು. ಐವತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ನಗುವಾಗ ಕಣ್ಣೇ ಕಾಣುತ್ತಿರಲಿಲ್ಲ.

"ಅಕ್ಕಾರ, ನನಗ ಗೇರ್ ಹಾಕಾಕ ಅಪ್ಪನ ಕಲಿಸಿದ್ದ. ಕಬ್ಬಿನ ಹೊಲದ ದಾರಿಯಾಗ. ಇವರಿಬ್ಬರೂ ಹಿಂದ ಕುಂತ ಚೀರತಿದ್ರು. ಲಗ್ನಾದ ಮ್ಯಾಲೆ ಯಾರೂ ಸ್ಟೇರಿಂಗ್ ಮುಟ್ಟಗೊಡಲಿಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಅಂದಳು: "ತವರಮನ್ಯಾಗ ಎಲ್ಲಾ ಅವರದು. ಸೀರಿ ಉಟ್ಟು ಹರೀತಾವ್ರಿ. ಇದೊಂದಾದರೂ ನಂದು ಅಂತ ಆಗ್ಲಿ."

ಆಕೆಯೇ ನಾಗನೂರಿಗೆ ಹೋಗಿ ಗಾಣದ ಮುಂದೆ ಕೂತಳು. ಗಾಣಕ್ಕೆ ಕರೆಂಟಿನ ಮೋಟಾರು ಬಂದು ಎಂಜಿನ್ ಮೂಲೆ ಸೇರಿತ್ತು. ಆದರೂ ರಾಚಪ್ಪ ಬಿಟ್ಟುಕೊಡಲು ಒಂದು ಷರತ್ತು ಹಾಕಿದ: "ಒಯ್ಯಿ. ಖರೆ, ಚಾಲೂ ಆಗಲಿಲ್ಲಂದ್ರ ನನ್ನ ಎಂಜಿನ್ ನನ್ನ ಮನಿಗಿ, ಅವನ ಡಬ್ಬಿ ಅವನ ಮನಿಗಿ. ಮತ್ತ ಜೀಪಿನ ಮಾತ ಎತ್ತಬಾರದು." ನೀಲವ್ವ ಒಪ್ಪಿದಳು.

ನಾನು ಮತ್ತು ಬಾಳಪ್ಪ ಎಂಜಿನ್ ತರಲು ಹೋದೆವು. ಕಬ್ಬಿನ ಸಿಪ್ಪೆಯ ರಾಶಿ ಸರಿಸಿದರೆ ಅದರ ಮೈಯೆಲ್ಲ ಬೆಲ್ಲದ ಪಾಕ ಕಪ್ಪಗೆ ಗಟ್ಟಿಯಾಗಿತ್ತು. ಗ್ಯಾರೇಜಿನಲ್ಲಿ ಹೆಡ್ ತೆಗೆದಾಗ ಇರುವೆಯ ಸಾಲು ಹೊರಟಿತು. "ವೈನಿ, ಇದು ಎಂಜಿನ್ ಅಲ್ರಿ, ಕರದಂಟ" ಎಂದ ಬಾಳಪ್ಪ. ಇಷ್ಟು ವರ್ಷದಲ್ಲಿ ಬೆಲ್ಲದ ವಾಸನೆಯ ಎಂಜಿನ್ ನಾನು ಬಿಚ್ಚಿದ್ದು ಅದೊಂದೇ. ಈಗಲೂ ಎಲ್ಲಾದರೂ ಪಾಕ ಕುದಿಯುವ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಪಿಸ್ಟನ್ನು.

ಪಿಸ್ಟನ್ನುಗಳು ತಿರುಗಿಸುವ ಉಕ್ಕಿನ ದಂಡ, ಕ್ರ್ಯಾಂಕ್‌ಶಾಫ್ಟನ್ನು ಬೆಳಗಾವಿಗೆ ಒಯ್ದು ಗ್ರೈಂಡ್ ಮಾಡಿಸಿದೆ. ಲೇಥಿನವರು ಕೈಗೆ ಕೊಡುವಾಗ ಹೇಳಿದರು: "ಇದ ಕಡೀದ್ರಿ. ಇನ್ನೊಮ್ಮಿ ತಿಕ್ಕಾಕ ಅದರಾಗ ಮೈ ಉಳಿದಿಲ್ಲ." ಅಂದರೆ ಈ ಸಲ ಬೇರಿಂಗ್ ಕೆಟ್ಟು ಕ್ರ್ಯಾಂಕ್ ಗೀರಿದರೆ ಆ ಎಂಜಿನ್ ಗುಜರಿಗೆ, ನೀಲವ್ವನ ಜೀಪಿನ ಮಾತು ಅಲ್ಲಿಗೆ ಮುಗಿಯಿತು.

ಇಲ್ಲಿ ಹೊಸಬರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಕನೆಕ್ಟಿಂಗ್ ರಾಡ್ ಎಂದರೆ ಪಿಸ್ಟನ್ನಿನ ತೋಳು. ಈ ಎಂಜಿನ್ನಿನಲ್ಲಿ ಅಂಥವು ನಾಲ್ಕು. ತೋಳಿನ ಕೆಳತುದಿ ಕ್ರ್ಯಾಂಕನ್ನು ಅಪ್ಪಿ ಹಿಡಿಯುತ್ತದೆ, ಆ ತುದಿ ಎರಡು ಹೋಳಾಗಿರುತ್ತದೆ. ಕೆಳಗಿನ ಹೋಳಿಗೆ ಕ್ಯಾಪ್ ಎನ್ನುತ್ತೇವೆ. ಎರಡನ್ನೂ ಜೋಡಿಸಿಯೇ ತೂತು ಕೊರೆದಿರುವುದರಿಂದ ಒಂದರ ಕ್ಯಾಪು ಇನ್ನೊಂದಕ್ಕೆ ಸೇರುವುದಿಲ್ಲ. ಸೇರಿದ ಹಾಗೆ ಕಾಣುತ್ತದೆ, ಬೋಲ್ಟೂ ಕೂರುತ್ತದೆ, ಕ್ರ್ಯಾಂಕ್ ಮಾತ್ರ ಬಿಗಿಯುತ್ತದೆ. ಅದಕ್ಕೇ ಬಿಚ್ಚುವ ಮೊದಲು ಗುರುತು ಹಾಕಬೇಕು. ಈ ಎಂಜಿನ್ನಿನ ಮೇಲೆ ಹಿಂದಿನ ಮಿಸ್ತ್ರಿಗಳು ತಮಗೆ ತಿಳಿದಂತೆಲ್ಲ ಚುಕ್ಕೆ ಹೊಡೆದಿದ್ದರು, ಒಂದಕ್ಕೊಂದು ತಾಳೆಯಿಲ್ಲ. ನಾನು ನನ್ನ ಪದ್ಧತಿಯಂತೆ ನೇಲ್ ಪಾಲಿಶ್ ಹಚ್ಚಿದೆ. ಮೊದಲ ಜೋಡಿಗೆ ಒಂದು ಗೆರೆ, ಎರಡನೆಯದಕ್ಕೆ ಎರಡು, ಹೀಗೆ. ಸೀಮೆಎಣ್ಣೆಯಲ್ಲಿ ಎಷ್ಟು ತೊಳೆದರೂ ಹೋಗದು. ಕಾನ್ವೆಂಟಿನಲ್ಲಿ ನೇಲ್ ಪಾಲಿಶ್ ಹಚ್ಚಿದರೆ ಬೆತ್ತದ ಏಟು ಬೀಳುತ್ತಿತ್ತು. ಆ ಆಸೆಯನ್ನೆಲ್ಲ ನಾನು ಎಂಜಿನ್ನುಗಳ ಮೇಲೆ ತೀರಿಸಿಕೊಂಡೆ.

ನಡುವೆ ಖಂಡೇನವಮಿ ಬಂತು. ನಮ್ಮ ಕಡೆ ಅಂದು ಯಾವ ಗ್ಯಾರೇಜಿನಲ್ಲೂ ಪಾನಾ ಎತ್ತುವುದಿಲ್ಲ. ಸಾಮಾನೆಲ್ಲ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಪೂಜೆ. ನಾನು ಆರತಿಯ ಹೊತ್ತಿಗೆ ತಟ್ಟೆ ಹಿಡಿದು ಬಂದೆ. ಹೊಸದಾಗಿ ತಿಕ್ಕಿಸಿದ ಕ್ರ್ಯಾಂಕ್ ನಡುವೆ ನಿಂತಿತ್ತು. ಅದರ ಸುತ್ತ ಪಿಸ್ಟನ್ನು, ರಾಡು, ವಾಲ್ವುಗಳನ್ನು ಕಮಲದ ದಳದ ಹಾಗೆ ಜೋಡಿಸಿ ಹೂವಿನಲ್ಲಿ ಮುಚ್ಚಿದ್ದರು. ಸೋ ಬ್ಯೂಟಿಫುಲ್. ನಾನೂ ಕೈಮುಗಿದೆ.

ಹಬ್ಬ ಮುಗಿದ ಮೇಲೆ ಬಾಳಪ್ಪ ಎಂಜಿನ್ ಕಟ್ಟಿ, ಹುಕ್ಕೇರಿಯಿಂದ ತಂದ ಬಾಡಿಯಲ್ಲಿ ಕೂರಿಸಿದ. ಆ ವಾರ ನನಗೆ ಜ್ವರ. ಎದ್ದು ಬಂದಾಗ ಆಯಿಲ್ ಕೂಡ ತುಂಬಿ ಆಗಿತ್ತು. ಚಾಲೂ ಮಾಡುವ ದಿನ ಮೂವರನ್ನೂ ಕರೆದೆವು. ಈರಪ್ಪ ಬಾಗಿಲ ಈಚೆ ನಿಂತರು, ರಾಚಪ್ಪ ತನ್ನ ಟ್ರ್ಯಾಕ್ಟರಿನ ಪಕ್ಕ. ನೀಲವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು.

ಬಾಳಪ್ಪ ಮುಂದಿನ ತೂತಿಗೆ ಹ್ಯಾಂಡಲ್ ಹಾಕಿ ತಿರುವಿದ. ಅರ್ಧ ಸುತ್ತು ಬಂದು ಬಿಗಿಯಿತು. ಇನ್ನೊಮ್ಮೆ ಜೋರು ಹಾಕಿದ, ಮತ್ತೆ ಅಲ್ಲೇ.

"ಹೊಸಾ ಬೇರಿಂಗ್ ಬಿಗಿ ಇರತಾವ್ರಿ" ಎಂದ.

ರಾಚಪ್ಪನ ಮುಖ ಅರಳಿತು. "ಟ್ರ್ಯಾಕ್ಟರಿಗಿ ಹಗ್ಗಾ ಕಟ್ಟಿ ಎಳೀತೇನಿ. ಆದ್ರ ಆತು, ಇಲ್ಲಂದ್ರ ಮುಗೀತು."

ಈರಪ್ಪ ನನ್ನನ್ನು ನೋಡಿ ಹೇಳಿದರು: "ಎಳದ ನೋಡಾಕ ಹೇಳ್ರಿ ಅವಗ."

ಹಗ್ಗ ಬಂತು. ನಾನು ಹ್ಯಾಂಡಲ್ ಹಿಡಿದು ಮೆಲ್ಲಗೆ ತಿರುವಿ ನೋಡಿದೆ. ಹೊಸ ಬೇರಿಂಗಿನ ಬಿಗಿ ಸುತ್ತು ಪೂರ್ತಿ ಒಂದೇ ಸಮ ಇರುತ್ತದೆ. ಇದು ಒಂದೇ ಜಾಗದಲ್ಲಿ ಹಿಡಿಯುತ್ತಿತ್ತು. ಎಳೆದಿದ್ದರೆ ನೂರು ಗಜದಲ್ಲಿ ಬೇರಿಂಗ್ ಹರಿದು ಹೋಗುತ್ತಿತ್ತು. "ಸ್ಟಾಪ್! ಆಲ್ ಆಫ್ ಯೂ!" ಎಂದು ಕೂಗಿದೆ. ಕಾನ್ವೆಂಟಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ಮದರ್ ಸುಪೀರಿಯರ್ ಕೂಗುತ್ತಿದ್ದ ಧ್ವನಿ ಅದು, ನನ್ನ ಗಂಟಲಲ್ಲಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ರಾಚಪ್ಪ ಹಗ್ಗ ಬಿಟ್ಟ.

"ಬಾಳಪ್ಪಾ, ಕ್ಯಾಪ್ ಹಾಕುವಾಗ ನನ್ನ ಪಾಲಿಶ್ ಗೆರಿ ನೋಡಿದೇನು?"

"ಗೆರಿ ಎಲ್ಲಿದ್ವರಿ? ಪೂಜಿಗಿ ತೊಳದ್ವಲ್ಲ, ಪೇಂಟರನ ಥಿನ್ನರ್ ಇತ್ತು, ಅದರಾಗ ಅದ್ದಿ..." ತಲೆಯ ಮೇಲೆ ಕೈಯಿಟ್ಟುಕೊಂಡ. "ಬಂಗಾರದಂಗ ಆಗಿದ್ದವ್ರಿ, ವೈನಿ."

"ಹಲಗಿ ಮ್ಯಾಲೆ ಅನುಕ್ರಮಕ್ಕ ಇಟ್ಟದ್ದನ್ನೂ ತಗದ ದ್ಯಾವರ ಮುಂದ ಇಟ್ರೇನು?"

"ದ್ಯಾವರಿಗಿ ಹಲಗಿ ಸಹಿತ ಹೆಂಗ ಇಡೂದ್ರಿ?"

ಸೀಮೆಎಣ್ಣೆಗೆ ಜಗ್ಗದ ನೇಲ್ ಪಾಲಿಶ್ ಥಿನ್ನರಿಗೆ ಕರಗಿತ್ತು. ಬಯ್ಯಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಇಷ್ಟು ಭಕ್ತಿಯಿಂದ ಯಾರೂ ಎಂಜಿನ್ ಕೆಡಿಸಿರಲಾರರು.

"ನಾ ಅಂದ್ನೆಲ್ಲ ಡೀಸೆಲ್ ಹಾಕ್ರಿ ಅಂತ" ಎಂದರು ಈರಪ್ಪ.

"ಮಾತು ಅಂದ್ರ ಮಾತು. ನನ್ನ ಎಂಜಿನ್ ಇಳಸ್ರಿ" ಎಂದ ರಾಚಪ್ಪ.

ನೀಲವ್ವ ಇಬ್ಬರ ನಡುವೆ ಬಂದು ನಿಂತಳು. "ಚಾಲೂ ಮಾಡೇ ಇಲ್ಲ, ಆಗಲಿಲ್ಲ ಅಂತ ಹೆಂಗ ಅಂತೀ, ರಾಚ್ಯಾ? ಆ ಬಾಕಿನ ಮ್ಯಾಲೆ ಕುಂದರ್ರಿ ಇಬ್ಬರೂ."

ಕೂತರು, ಬೆಂಚಿನ ಆ ತುದಿಗೊಬ್ಬರು ಈ ತುದಿಗೊಬ್ಬರು.

ಆಯಿಲ್ ಇಳಿಸಿ, ಕೆಳಗಿನ ತೊಟ್ಟಿ ಬಿಚ್ಚಿದೆವು. ನಾನು ಗೋಣಿತಟ್ಟು ಹಾಸಿ ಜೀಪಿನ ಕೆಳಗೆ ಮಲಗಿದೆ. ಆ ವಯಸ್ಸಿಗೆ ಅದು ಮಾಡುವ ಕೆಲಸವಲ್ಲ, ಆದರೆ ಇದನ್ನು ಮತ್ತೆ ಬಾಳಪ್ಪನಿಗೇ ಬಿಡಲು ನಾನು ತಯಾರಿರಲಿಲ್ಲ. ಗುರುತು ಹೋದ ಕ್ಯಾಪಿನ ಜೋಡಿ ಹುಡುಕಲು ಒಂದು ದಾರಿಯಿದೆ, ಪೇಶನ್ಸ್ ಬೇಕು ಅಷ್ಟೇ. ಬೇರಿಂಗ್ ತೆಗೆದು, ಕ್ಯಾಪನ್ನು ರಾಡಿಗೆ ಹಿಡಿದು, ಎರಡೂ ಕೂಡುವ ಗೆರೆಯ ಮೇಲೆ ಉಗುರು ಆಡಿಸಬೇಕು. ಬೇರೆ ರಾಡಿನದಾದರೆ ಕೂದಲೆಳೆಯಷ್ಟು ಮೆಟ್ಟಿಲು ಉಗುರಿಗೆ ತಡೆಯುತ್ತದೆ. ತನ್ನದೇ ಆದರೆ ಉಗುರು ಸರ್ರನೆ ಜಾರುತ್ತದೆ, ಮೇಲಿನ ಸಣ್ಣ ಗೀರುಗಳೂ ಒಂದರಿಂದ ಇನ್ನೊಂದಕ್ಕೆ ಹರಿದು ಬರುತ್ತವೆ. ನನ್ನ ಉಗುರುಗಳು ಸವೆದು ದಪ್ಪವಾಗಿದ್ದವು. ಎರಡನೆಯ ರಾಡಿನ ಹತ್ತಿರ ನನಗೆ ಅನುಮಾನ ಬಂತು.

"ನಾ ನೋಡ್ಲಿರಿ, ಅಕ್ಕಾರ?" ನೀಲವ್ವ ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನನ್ನ ಪಕ್ಕಕ್ಕೆ ತೆವಳಿಕೊಂಡು ಬಂದಳು. ಮೈಮೇಲೆ ಆಯಿಲ್ ತೊಟ್ಟಿಕ್ಕಿತು. ಒಂದು ಕ್ಯಾಪ್ ಮುಟ್ಟಿ, "ಇದು ಎಡವತೈತ್ರಿ" ಎಂದಳು. ಇನ್ನೊಂದು ಮುಟ್ಟಿ, "ಇದೂ ಎಡವತೈತಿ." ಮೂರನೆಯದರ ಮೇಲೆ ಬೆರಳು ಹಿಂದೆ ಮುಂದೆ ಆಡಿಸಿ ನಕ್ಕಳು. "ಇದು ಇದರದ ಐತ್ರಿ. ಬೆಣ್ಯಾಗ ಹೋದಂಗ ಹೋಕ್ಕೈತಿ."

ಉಳಿದೆರಡಕ್ಕೂ ಆಕೆಯೇ ಜೋಡಿ ಹುಡುಕಿದಳು. ಆಕೆ ಹೇಳಿದಂತೆ ಹಾಕಿದೆವು. ಟಾರ್ಕ್ ರೆಂಚ್ ಹಿಡಿದು ಬಿಗಿದೆ. ಬಾಳಪ್ಪ ಪ್ರತಿ ರಾಡಿಗೂ ಕ್ರ್ಯಾಂಕ್ ತಿರುವಿ ನೋಡಿದ. ಎಲ್ಲೂ ಹಿಡಿಯಲಿಲ್ಲ.

ಮತ್ತೆ ಆಯಿಲ್ ತುಂಬಿದ ಮೇಲೆ ನೋಡಿದರೆ, ಚಾಲೂ ಮಾಡುವಾಗ ಗಾಳಿ ತಡೆಯುವ ಚೋಕಿನ ತಂತಿ ಹರಿದಿತ್ತು. ಅದಿಲ್ಲದಿದ್ದರೆ ಒಬ್ಬರು ಹ್ಯಾಂಡಲ್ ತಿರುವುವಾಗ ಇನ್ನೊಬ್ಬರು ಕಾರ್ಬುರೇಟರಿನ ಬಾಯಿಗೆ ಅಂಗೈ ಮುಚ್ಚಬೇಕು, ಎಂಜಿನ್ ಚಾಲೂ ಆದ ಕೂಡಲೇ ತೆಗೆಯಬೇಕು. ಬಾಳಪ್ಪ ಮುಂದೆ ಬಂದ. ಸ್ಟೇರಿಂಗಿನ ಮುಂದೆ ಆಗಲೇ ಏರಿ ಕೂತಿದ್ದ ನೀಲವ್ವ ಕೈ ಅಡ್ಡ ಮಾಡಿದಳು.

"ನೀ ಬ್ಯಾಡ, ತಮ್ಮಾ. ಅಣ್ಣಾ, ನೀ ಹ್ಯಾಂಡಲ್ ಹಿಡಿ. ರಾಚ್ಯಾ, ನೀ ಅಂಗೈ ಮುಚ್ಚು. ಅಪ್ಪ ಇದ್ದಾಗ ಹಂಗ ಮಾಡತಿದ್ರಿಲ್ಲೋ?"

ಈರಪ್ಪ ಅಂಗಿಯ ತೋಳು ಮಡಚಿದರು. ರಾಚಪ್ಪ ಬಾನೆಟ್ಟಿನ ಒಳಗೆ ಕೈ ಹಾಕಿದ. ಮೊದಲ ಸುತ್ತಿಗೆ ಏನೂ ಇಲ್ಲ. ಎರಡನೆಯದಕ್ಕೆ ಒಂದು ಕೆಮ್ಮು. ಮೂರನೆಯದಕ್ಕೆ ಎಂಜಿನ್ ಚಾಲೂ ಆಯಿತು, ಮತ್ತೆ ಉಸಿರು ಕಟ್ಟತೊಡಗಿತು.

"ಕೈ ತಗಿಯೋ! ತಗೀ, ರಾಚ್ಯಾ!" ಈರಪ್ಪ ಚೀರಿದರು.

"ತಗದೇನೋ ಅಣ್ಣಾ, ಯಾಕ ಒದರತೀ!"

ಎಂಜಿನ್ ನಿಂತಿತು, ಅಂದರೆ ಕೆಡದೆ ಒಂದೇ ಹದಕ್ಕೆ ನಿಂತಿತು. ಆ ಹಳೆಯ ಪೆಟ್ರೋಲ್ ಎಂಜಿನ್ನಿನ ಸದ್ದು ನಿಮ್ಮಲ್ಲಿ ಬಹಳ ಜನ ಕೇಳಿರಲಿಕ್ಕಿಲ್ಲ. ಮೆತ್ತಗೆ, ಯಾರೋ ಪಕ್ಕದ ಕೋಣೆಯಲ್ಲಿ ಹೊಲಿಗೆ ಮಷಿನ್ ತುಳಿದಂತೆ. ಅಣ್ಣ ತಮ್ಮ ಬಾನೆಟ್ಟಿನ ಆಚೆ ಈಚೆ ನಿಂತು ಅದನ್ನೇ ನೋಡುತ್ತಿದ್ದರು. ತಾವು ಮಾತಾಡಿದೆವೆಂಬುದು ಇಬ್ಬರಿಗೂ ಇನ್ನೂ ಗೊತ್ತಾಗಿರಲಿಲ್ಲ.

ಮೊದಲು ಎಚ್ಚೆತ್ತವರು ಈರಪ್ಪ. "ಹಂಗಾರ ನೀಲಾ, ನಾಳೆ ಮೂಡಲಗಿಗಿ ಸಹಿಗಿ ಬರತೀಯಲ್ಲ?"

"ಬರತೇನಿ. ಮೊದಲ ಹಿಂದ ಹತ್ತಿ ಕುಂದರ್ರಿ ಇಬ್ಬರೂ. ಏನು ಬಿಟ್ಟು ಕೊಡಾಕತ್ತೇನಿ, ಒಮ್ಮಿ ಕಣ್ಣಿಲೆ ನೋಡ್ತೇನಿ."

ಮುಂದಿನ ಸೀಟಿಗೆ ನನ್ನನ್ನು ಕರೆದಳು. ಮೊದಲ ಗೇರ್ ಸ್ವಲ್ಪ ಕರಕರ ಎಂದಿತು. ಎರಡನೆಯದರಿಂದ ಆಕೆಯ ಕೈಗೆ ಎಲ್ಲ ನೆನಪಾಯಿತು. ನೇರ ನಾಗನೂರಿನ ಹಾದಿ ಹಿಡಿದಳು. ಹಿಂದೆ ಅಣ್ಣ ತಮ್ಮ, ತಗ್ಗು ಬಂದಾಗಲೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಹೊಲದ ದಾರಿಗೆ ಇಳಿದು, ಕಬ್ಬಿನ ಬದಿಗೆ ಒಂದು ಸುತ್ತು ಹಾಕಿ, ಬಾವಿಯ ಹತ್ತಿರ ಗಾಣದ ಮುಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿದಳು. ಹಿಂದೆ ತಿರುಗಿದಳು.

"ಜೀಪ ಸಾಕು ಅಂದಿದ್ದೆ. ಖರೆ, ಇದನ್ನ ನಿಲ್ಲಸಾಕ ನನಗ ಜಾಗಾ ಬೇಕಲ್ಲ."

"ಅಂಕಲಗ್ಯಾಗ ನಿನ್ನ ಗಂಡನ ಮನಿ ಮುಂದ..." ಎಂದ ರಾಚಪ್ಪ.

"ಅದು ಗಂಡನ ಮನಿ. ಜೀಪ ಅಪ್ಪಂದು. ಈ ಬಾವಿ ಮಗ್ಗಲದ ತುಂಡ ನನ್ನ ಹೆಸರಿಗಿ ಬರೀರಿ. ಉಳಿದದ್ದಕ್ಕ ಸಹಿ ಹಾಕತೇನಿ."

ಈರಪ್ಪ ತಮ್ಮನ ಮುಖ ನೋಡಿದರು. ತಮ್ಮ ಅಣ್ಣನ ಮುಖ ನೋಡಿದ. ಆ ತುಂಡು ಇಬ್ಬರ ಪಾಲಿನ ನಡುವೆ ಇತ್ತು, ಕೊಟ್ಟರೆ ಇಬ್ಬರೂ ಕೊಡಬೇಕು. ಹಿಂದಿನಿಂದ ಮೊದಲು ಇಳಿದದ್ದು ರಾಚಪ್ಪ. ಅಣ್ಣ ಇಳಿಯಲು ಕೈ ಕೊಟ್ಟ.

"ನೀ ಬಾವಿ ಕಡಿಂದ ಅಳಿ, ನಾ ಒಡ್ಡಿನ ಕಡಿಂದ ಬರತೇನಿ."

"ಹೆಜ್ಜಿ ಸಣ್ಣ ಇಡಬ್ಯಾಡ ಮತ್ತ" ಎಂದರು ಈರಪ್ಪ. "ತಂಗಿ ನೋಡಾಕತ್ತಾಳ."

ಇಬ್ಬರೂ ಎದುರುಬದುರು ಹೆಜ್ಜೆ ಎಣಿಸುತ್ತ ನಡೆದರು. ಪೆಟ್ರೋಲ್ ಸುಮ್ಮನೆ ಸುಡುತ್ತಿದೆ, ಎಂಜಿನ್ ಬಂದ್ ಮಾಡು ಎಂದು ನಾನು ನೀಲವ್ವನಿಗೆ ಹೇಳಿದೆ. ಆಕೆ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ.

"ಅಳತಿ ಮುಗೀಲ್ರಿ, ಅಕ್ಕಾರ. ಬಂದ್ ಮಾಡಿದ್ರ ಅಳತಿ ಬಿಟ್ಟ, ಕೊಡೂದೋ ಬ್ಯಾಡೋ ಅಂತ ಕುಂತ ಮಾತಾಡಾಕ ಚಾಲೂ ಮಾಡತಾರ."